ಹೃದಯ ಶಸ್ತ್ರಚಿಕಿತ್ಸೆಯ ನಂತರ ರೋಗಿಯ ಸ್ಥಿತಿಯನ್ನು ಎಲ್ಲಿಯವರೆಗೆ ಲೆಕ್ಕವಿಡಬೇಕು, ಆ ಲೆಕ್ಕವನ್ನು ಯಾರಿಗೆ ತೋರಿಸಬೇಕು?

ಪ್ರಶ್ನೆ: ದಾಖಲಾತಿ ಸಂಯೋಜಕಿ, ಉತ್ತರ ಕರ್ನಾಟಕ

ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಕರ್ನಾಟಕದ ಒಂದು ಖಾಸಗಿ ಆಸ್ಪತ್ರೆಯ ಹೃದಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ದಾಖಲೆಗಳ ಕೆಲಸ ನೋಡಿಕೊಳ್ಳುತ್ತಿದ್ದೇನೆ, ಓದಿದ್ದು ನರ್ಸಿಂಗ್. ನಮ್ಮಲ್ಲಿ ವರ್ಷಕ್ಕೆ ಸುಮಾರು 300 ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ. ಅರ್ಧಕ್ಕಿಂತ ಹೆಚ್ಚು ಬೈಪಾಸ್, ಉಳಿದವುಗಳಲ್ಲಿ ಬಹುಪಾಲು ರುಮ್ಯಾಟಿಕ್ ಜ್ವರದಿಂದ ಕೆಟ್ಟ ಕವಾಟಗಳ ಬದಲಾವಣೆ. ರೋಗಿಗಳಲ್ಲಿ ಅನೇಕರು ಸರ್ಕಾರಿ ಯೋಜನೆಯ ಕಾರ್ಡಿನ ಮೇಲೆ ಬರುವವರು, ದೂರದ ತಾಲ್ಲೂಕುಗಳಿಂದ ಬರುವವರು.

ಈಗ ನಮ್ಮಲ್ಲಿರುವುದು ಒಂದು ದೊಡ್ಡ ರಿಜಿಸ್ಟರ್. ಅದರಲ್ಲಿ ಹೆಸರು, ಐಪಿ (ಒಳರೋಗಿ) ನಂಬರ್, ಶಸ್ತ್ರಚಿಕಿತ್ಸೆಯ ಬಗೆ, ಸರ್ಜನ್ ಹೆಸರು, ಡಿಸ್ಚಾರ್ಜ್ ದಿನಾಂಕ, ಕೊನೆಗೆ 'ಡಿಸ್ಚಾರ್ಜ್ ಸಮಯದ ಸ್ಥಿತಿ' ಎಂಬ ಒಂದು ಕಾಲಂ ಇದೆ. ವರ್ಷದ ಕೊನೆಗೆ ಆಡಳಿತ ವರ್ಗದವರು 'ಸಕ್ಸೆಸ್ ರೇಟ್ ಎಷ್ಟು' ಎಂದು ಕೇಳುತ್ತಾರೆ, ನಾನು ಆ ಕಾಲಂ ಎಣಿಸಿ ಹೇಳುತ್ತೇನೆ. ಸಂಖ್ಯೆ ನೋಡಲು ಬಹಳ ಚೆನ್ನಾಗಿಯೇ ಇರುತ್ತದೆ. ಆದರೆ ವೆಂಟಿಲೇಟರ್ ಮೇಲಿದ್ದ ರೋಗಿಯನ್ನು ಮನೆಯವರು 'ಇನ್ನು ಉಳಿಯುವುದಿಲ್ಲ, ಊರಿಗೆ ಒಯ್ಯುತ್ತೇವೆ' ಎಂದು ಸಹಿ ಹಾಕಿ ಕರೆದುಕೊಂಡು ಹೋದರೆ, ಆತನೂ ಅದೇ ರಿಜಿಸ್ಟರಿನಲ್ಲಿ ಡಿಸ್ಚಾರ್ಜ್ ಆದವರ ಸಾಲಿಗೇ ಸೇರುತ್ತಾನೆ. ಎದೆಯ ಗಾಯ ಬಾಯಿಬಿಟ್ಟು ಬೇರೊಂದು ಊರಿನ ಆಸ್ಪತ್ರೆಗೆ ಸೇರಿದವರ ವಿಷಯ ನಮಗೆ ಗೊತ್ತಾಗುವುದು ಅವರ ಸಂಬಂಧಿಕರು ಯಾರಾದರೂ ನಮ್ಮಲ್ಲಿಗೆ ಬಂದಾಗ ಮಾತ್ರ.

ಹೊಸದಾಗಿ ಬಂದಿರುವ ವೈದ್ಯಕೀಯ ನಿರ್ದೇಶಕರು ಸರಿಯಾದ ವ್ಯವಸ್ಥೆ ಮಾಡೋಣ ಎಂದಿದ್ದಾರೆ. ಅದರ ಜೊತೆಗೆ ಪ್ರತಿ ಸರ್ಜನ್‌ನ ಮರಣ ಪ್ರಮಾಣವನ್ನು ಚಾರ್ಟ್ ಮಾಡಿ ವಿಭಾಗದ ಗೋಡೆಗೆ ಹಾಕಬೇಕೆಂಬ ಆಲೋಚನೆಯೂ ಅವರಿಗಿದೆ. ಅದನ್ನು ಕೇಳಿದ ಹಿರಿಯ ಸರ್ಜನ್ ಒಬ್ಬರು, ಹಾಗಾದರೆ ಇನ್ನು ಮುಂದೆ ಹೃದಯದ ಪಂಪಿಂಗ್ ಕಡಿಮೆ ಇರುವವರನ್ನು ತಾವು ತೆಗೆದುಕೊಳ್ಳುವುದಿಲ್ಲ ಎಂದು ನೇರವಾಗಿ ಹೇಳಿದರು. ಅವರ ಮಾತಿನಲ್ಲಿ ಅರ್ಥವಿಲ್ಲವೆಂದು ನನಗೆ ಅನ್ನಿಸುವುದಿಲ್ಲ.

ಸಾಫ್ಟ್‌ವೇರ್‌ಗೆ ಹಣವಿಲ್ಲ, ಒಂದು ಕಂಪ್ಯೂಟರ್, ನಾನು, ಅರ್ಧ ದಿನ ಸಿಗುವ ಒಬ್ಬ ಸಹಾಯಕ, ಇಷ್ಟೇ. ಇಷ್ಟರಲ್ಲಿ ಏನನ್ನು ಬರೆದಿಡಬೇಕು, ಎಷ್ಟು ದಿನದವರೆಗೆ ರೋಗಿಯ ಬೆನ್ನು ಹತ್ತಬೇಕು, ಗೋಡೆಯ ಚಾರ್ಟಿನ ವಿಷಯದಲ್ಲಿ ಏನು ಹೇಳಬೇಕು ಎಂಬುದನ್ನು ಅನುಭವವಿರುವವರು ತಿಳಿಸಬೇಕೆಂದು ಕೋರುತ್ತೇನೆ.


ಉತ್ತರ 1: ನಿವೃತ್ತ ಹೃದಯ ಶಸ್ತ್ರಚಿಕಿತ್ಸಕ, ಬೆಂಗಳೂರು

ಮೇಡಂ, ಮೊದಲು ಸಾವು ಎಂದರೆ ಯಾವುದನ್ನು ಎಣಿಸುತ್ತೀರಿ ಎಂಬುದನ್ನು ಬರೆದು, ಎಲ್ಲ ಸರ್ಜನ್‌ಗಳಿಂದ ಸಹಿ ಮಾಡಿಸಿ. ಅಮೆರಿಕದ ಎದೆ ಶಸ್ತ್ರಚಿಕಿತ್ಸಕರ ಸಂಘ 1989ರಲ್ಲಿ ಆರಂಭಿಸಿದ ದತ್ತಕೋಶ ಇಂದು ಬಳಸುವ ವ್ಯಾಖ್ಯೆ ನಿಮಗೆ ಸಾಕು: ಶಸ್ತ್ರಚಿಕಿತ್ಸೆಗಾಗಿ ಸೇರಿದ ಅದೇ ದಾಖಲಾತಿಯಲ್ಲಿ ಎಷ್ಟು ದಿನವಾದ ಮೇಲೆ ತೀರಿಕೊಂಡರೂ ಅದು ಲೆಕ್ಕಕ್ಕೆ ಬರುತ್ತದೆ, ಮನೆಗೆ ಹೋಗಿದ್ದರೆ, ಶಸ್ತ್ರಚಿಕಿತ್ಸೆಯಾದ 30 ದಿನದೊಳಗೆ ಎಲ್ಲಿ, ಯಾವ ಕಾರಣದಿಂದ ತೀರಿಕೊಂಡರೂ ಲೆಕ್ಕಕ್ಕೆ ಬರುತ್ತದೆ. 'ಅದು ಹೃದಯದ ತೊಂದರೆಯಿಂದಲ್ಲ, ನ್ಯುಮೋನಿಯಾದಿಂದ' ಎಂಬ ವಾದಕ್ಕೆ ಇಲ್ಲಿ ಜಾಗವಿಲ್ಲ. ನೀವು ಹೇಳಿದ, ಸಲಹೆಗೆ ವಿರುದ್ಧವಾಗಿ ಮನೆಗೆ ಒಯ್ದವರನ್ನು (ನಮ್ಮ ಆಸ್ಪತ್ರೆಗಳಲ್ಲಿ 'ಡಾಮಾ' ಎನ್ನುತ್ತೇವಲ್ಲ, ಅವರು) ಬೇರೆ ಕಾಲಂನಲ್ಲಿಟ್ಟು, ಎರಡು ದಿನದೊಳಗೆ ಮನೆಗೆ ಫೋನ್ ಮಾಡಿಸಿ. ನನ್ನ ಅನುಭವದಲ್ಲಿ ಯಾವುದೇ ವಿಭಾಗದ ಸಂಖ್ಯೆ ಹೊಳೆಯುವುದು ಈ ಕಾಲಂನಿಂದ. ಅದನ್ನು ಸರಿಮಾಡದೆ ಮಿಕ್ಕ ಏನನ್ನು ಮಾಡಿದರೂ ಪ್ರಯೋಜನವಿಲ್ಲ.

ಸಾವಿನ ಜೊತೆ ಐದು ತೊಡಕುಗಳನ್ನು ಬರೆದಿಡಿ: ರಕ್ತಸ್ರಾವ ಅಥವಾ ಬೇರೆ ಕಾರಣಕ್ಕೆ ಮತ್ತೆ ಎದೆ ತೆರೆಯಬೇಕಾದದ್ದು, ಎದೆಮೂಳೆಯವರೆಗೆ ಇಳಿದ ಸೋಂಕು, ಪಾರ್ಶ್ವವಾಯು, ಹೊಸದಾಗಿ ಬಂದ ಮೂತ್ರಪಿಂಡ ವೈಫಲ್ಯ, 24 ಗಂಟೆಗಿಂತ ಹೆಚ್ಚು ವೆಂಟಿಲೇಟರ್ ಮೇಲಿದ್ದದ್ದು. ಸಾವುಗಳು ಅಪರೂಪವಾದ್ದರಿಂದ ಅವುಗಳಿಂದ ಮಾತ್ರ ಕಲಿಯಲು ಹೊರಟರೆ ವರ್ಷಗಳು ಬೇಕಾಗುತ್ತವೆ. ಈ ಐದು ಅದಕ್ಕಿಂತ ಬೇಗ ಮಾತಾಡುತ್ತವೆ. ನೂರು ಕಾಲಂಗಳ ನಮೂನೆ ಮಾಡಲು ಹೋಗಬೇಡಿ. ಮೂರನೆಯ ತಿಂಗಳಿಗೆ ಯಾರೂ ತುಂಬುವುದಿಲ್ಲ.

ಇನ್ನು ಇದರಿಂದ ಚಿಕಿತ್ಸೆ ಸುಧಾರಿಸುತ್ತದೆಯೇ ಎಂಬುದಕ್ಕೆ ನ್ಯೂಯಾರ್ಕ್ ರಾಜ್ಯದ ಉದಾಹರಣೆ ಇದೆ. ಅಲ್ಲಿನ ಆರೋಗ್ಯ ಇಲಾಖೆ 1989ರಿಂದ ಪ್ರತಿ ಬೈಪಾಸ್ ರೋಗಿಯ ವಿವರವನ್ನು, ರೋಗಿ ಎಷ್ಟು ಅಪಾಯದ ಸ್ಥಿತಿಯಲ್ಲಿದ್ದ ಎಂಬುದರ ಸಮೇತ, ಕಡ್ಡಾಯವಾಗಿ ತರಿಸಿಕೊಂಡಿತು. 1990ರ ಕೊನೆಗೆ ಆಸ್ಪತ್ರೆವಾರು ಅಂಕಿಗಳನ್ನು ಪ್ರಕಟಿಸಿತು. ಸರ್ಜನ್‌ವಾರು ಅಂಕಿಗಳನ್ನು ಕೊಡಲು ಇಲಾಖೆಗೆ ಮನಸ್ಸಿರಲಿಲ್ಲ. ನ್ಯೂಸ್‌ಡೇ ಪತ್ರಿಕೆ ಮಾಹಿತಿ ಹಕ್ಕಿನ ಕಾನೂನಿನಡಿ ನ್ಯಾಯಾಲಯಕ್ಕೆ ಹೋಗಿ 1991ರಲ್ಲಿ ಅವನ್ನೂ ಪಡೆಯಿತು. 1989ರಲ್ಲಿ ಶೇಕಡ 4.17 ಇದ್ದ ಅಪಾಯ-ಹೊಂದಾಣಿಕೆ ಮಾಡಿದ (ರೋಗಿಗಳು ಎಷ್ಟು ಅಪಾಯದಲ್ಲಿದ್ದರು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡ) ಮರಣ ಪ್ರಮಾಣ 1992ರಲ್ಲಿ ಶೇಕಡ 2.45ಕ್ಕೆ ಇಳಿಯಿತು. ಇದರಲ್ಲಿ ಎಷ್ಟು ಪಾಲು ಪ್ರಕಟಣೆಯದು, ಎಷ್ಟು ಪಾಲು ಆ ಕಾಲದ ಸಾಮಾನ್ಯ ಪ್ರಗತಿಯದು ಎಂಬ ಜಗಳ ಇನ್ನೂ ಮುಗಿದಿಲ್ಲ.

ನನಗೆ ಆ ರಾಜ್ಯದ ಒಟ್ಟು ಅಂಕಿಗಿಂತ ಆಲ್ಬನಿಯ ಸೇಂಟ್ ಪೀಟರ್ಸ್ ಆಸ್ಪತ್ರೆಯ ಕಥೆ ಹೆಚ್ಚು ಮುಖ್ಯ. ಪಟ್ಟಿಯಲ್ಲಿ ತಮ್ಮ ಸ್ಥಾನ ಕೆಟ್ಟದ್ದೆಂದು ತಿಳಿದಾಗ ಅಲ್ಲಿನವರು ಮೊದಲು, ಎಲ್ಲರೂ ಮಾಡುವಂತೆ, ದತ್ತಾಂಶವೇ ತಪ್ಪಿರಬೇಕೆಂದು ಪರಿಶೀಲಿಸಿದರು. ತಪ್ಪಿರಲಿಲ್ಲ. ಆಮೇಲೆ ರೋಗಿಗಳನ್ನು ಗುಂಪುಗಳಾಗಿ ಬೇರ್ಪಡಿಸಿ ನೋಡಿದರೆ, ಮುಂಚಿತವಾಗಿ ದಿನ ಗೊತ್ತುಮಾಡಿ ನಡೆಸಿದ ಶಸ್ತ್ರಚಿಕಿತ್ಸೆಗಳಲ್ಲಿ ಅವರ ಫಲಿತಾಂಶ ಉಳಿದವರಂತೆಯೇ ಇತ್ತು. ತುರ್ತಾಗಿ ಬಂದವರಲ್ಲಿ ಮಾತ್ರ ಸುಮಾರು ನಾಲ್ಕರಲ್ಲಿ ಒಬ್ಬರು ಸಾಯುತ್ತಿದ್ದರು. ಕಾರಣ ಹುಡುಕಿದಾಗ ಕಂಡದ್ದು, ಹೃದಯಾಘಾತದಿಂದ ಕುಸಿದು ಬಂದವರನ್ನು ರಕ್ತದೊತ್ತಡ ಸುಧಾರಿಸುವ ಮುಂಚೆಯೇ ಅವಸರದಲ್ಲಿ ಥಿಯೇಟರಿಗೆ ಒಯ್ಯುತ್ತಿದ್ದರು ಎಂಬುದು. ಬಲೂನ್ ಪಂಪ್ (ಹೃದಯಕ್ಕೆ ಆಸರೆ ಕೊಡುವ ಉಪಕರಣ) ಮುಂತಾದವುಗಳಿಂದ ಮೊದಲು ಸ್ಥಿತಿಯನ್ನು ಹತೋಟಿಗೆ ತಂದು ನಂತರ ಶಸ್ತ್ರಚಿಕಿತ್ಸೆ ಮಾಡುವ ಕ್ರಮ ತಂದರು. ಮರುವರ್ಷ ಆ ಗುಂಪಿನಲ್ಲಿ ಒಂದು ಸಾವೂ ಆಗಲಿಲ್ಲ. ಇಲ್ಲಿ ಕೆಟ್ಟ ಸರ್ಜನ್ ಒಬ್ಬನನ್ನು ಹಿಡಿದು ಹೊರಹಾಕಿದ್ದಿಲ್ಲ. ಹೃದ್ರೋಗ ತಜ್ಞ, ಅರಿವಳಿಕೆ ತಜ್ಞ, ಸರ್ಜನ್ ಮೂವರೂ ಒಂದು ಮೇಜಿನ ಸುತ್ತ ಕೂತು ಕ್ರಮ ಬದಲಿಸಿದರು, ಅಷ್ಟೇ.

ಪ್ರಕಟಿಸದೆಯೂ ಇದು ಸಾಧ್ಯವೆಂದು ತೋರಿಸಿದವರು ಉತ್ತರ ನ್ಯೂ ಇಂಗ್ಲೆಂಡಿನವರು. ಮೇಯ್ನ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್ ರಾಜ್ಯಗಳ ಹೃದಯ ಶಸ್ತ್ರಚಿಕಿತ್ಸಾ ಕೇಂದ್ರಗಳು 1987ರಲ್ಲಿ ಸ್ವಂತ ಇಚ್ಛೆಯಿಂದ ಒಂದು ಗುಂಪು ಕಟ್ಟಿಕೊಂಡವು. ಅಲ್ಲಿನ 23 ಸರ್ಜನ್‌ಗಳೂ ಭಾಗವಹಿಸಿದ ಪ್ರಯತ್ನದಲ್ಲಿ ಇದ್ದದ್ದು ಮೂರೇ ಅಂಶ: ಅವರವರ ಫಲಿತಾಂಶವನ್ನು ಅವರವರಿಗೆ ತಿರುಗಿ ತಿಳಿಸುವುದು, ಗುಣಮಟ್ಟ ಸುಧಾರಣೆಯ ವಿಧಾನದಲ್ಲಿ ತರಬೇತಿ, ಒಂದು ಕೇಂದ್ರದ ತಂಡ ಇನ್ನೊಂದು ಕೇಂದ್ರಕ್ಕೆ ಹೋಗಿ ಇಡೀ ದಿನದ ಕೆಲಸವನ್ನು ಕಣ್ಣಾರೆ ನೋಡುವುದು. ನಂತರದ ಅವಧಿಯಲ್ಲಿ ನಿರೀಕ್ಷಿತ ಮಟ್ಟಕ್ಕಿಂತ ಶೇಕಡ 24ರಷ್ಟು, ಅಂದರೆ 74 ಸಾವುಗಳು ಕಡಿಮೆಯಾದವು. ಯಾವ ಪತ್ರಿಕೆಯಲ್ಲೂ ಯಾರ ಹೆಸರೂ ಬರಲಿಲ್ಲ.

ಆದ್ದರಿಂದ ಗೋಡೆಗೆ ಚಾರ್ಟ್ ಹಾಕಬೇಡಿ ಎಂದು ನಿರ್ದೇಶಕರಿಗೆ ವಿನಯದಿಂದ ತಿಳಿಸಿ. ನಿಮ್ಮ ಹಿರಿಯ ಸರ್ಜನ್ ಹೇಳಿದ್ದು ಬರೀ ಬೆದರಿಕೆಯಲ್ಲ. ಅಂಕಿಗಳನ್ನು ಪ್ರಕಟಿಸುತ್ತಿದ್ದ ಪೆನ್ಸಿಲ್ವೇನಿಯಾದಲ್ಲಿ ಸಮೀಕ್ಷೆ ಮಾಡಿದಾಗ ಶೇಕಡ 63ರಷ್ಟು ಹೃದಯ ಸರ್ಜನ್‌ಗಳು, ತೀರಾ ಕೆಟ್ಟ ಸ್ಥಿತಿಯ ರೋಗಿಗಳನ್ನು ತೆಗೆದುಕೊಳ್ಳಲು ತಮಗೆ ಮೊದಲಿನಷ್ಟು ಮನಸ್ಸಿಲ್ಲವೆಂದು ಒಪ್ಪಿಕೊಂಡಿದ್ದರು; ಅದು 1996ರಲ್ಲಿ ಪ್ರಕಟವಾಯಿತು. ಹೀಗೆ ಬಿಟ್ಟುಹೋದ ರೋಗಿ ಯಾವ ರಿಜಿಸ್ಟರಿನಲ್ಲೂ ಕಾಣಿಸುವುದಿಲ್ಲ.


ಉತ್ತರ 2: ಜೀವಸಂಖ್ಯಾಶಾಸ್ತ್ರದ ಅಧ್ಯಾಪಕ, ಮಣಿಪಾಲ ಕಡೆ

ಡಾಕ್ಟರ್ ಸಾಹೇಬರ ಮಾತಿಗೆ ಪೂರಕವಾಗಿ ಲೆಕ್ಕದ ಕಡೆಯಿಂದ ಕೆಲವು ಮಾತು. ಕೊನೆಯಲ್ಲಿ ಒಂದು ಸಣ್ಣ ಭಿನ್ನಾಭಿಪ್ರಾಯವೂ ಇದೆ.

ವರ್ಷಕ್ಕೆ 300 ಶಸ್ತ್ರಚಿಕಿತ್ಸೆ, ನಿಜವಾದ ಅಪಾಯ ಶೇಕಡ 3 ಎಂದಿಟ್ಟುಕೊಳ್ಳಿ. ಒಂಬತ್ತು ಸಾವು ನಿರೀಕ್ಷಿತ. ಚಿಕಿತ್ಸೆಯ ಗುಣಮಟ್ಟದಲ್ಲಿ ಎಳ್ಳಷ್ಟೂ ಬದಲಾವಣೆಯಾಗದೆ, ಬರೀ ಆಕಸ್ಮಿಕದಿಂದಲೇ ಆ ಸಂಖ್ಯೆ ಒಂದು ವರ್ಷ 4 ಆಗಬಹುದು, ಇನ್ನೊಂದು ವರ್ಷ 14 ಆಗಬಹುದು. ಒಬ್ಬ ಸರ್ಜನ್ ವರ್ಷಕ್ಕೆ 80 ಶಸ್ತ್ರಚಿಕಿತ್ಸೆ ಮಾಡಿದರೆ ಪರಿಸ್ಥಿತಿ ಇನ್ನೂ ವಿಚಿತ್ರ: ಅದೇ ಶೇಕಡ 3ರ ಅಪಾಯದಲ್ಲಿ, ಒಂದೂ ಸಾವಿಲ್ಲದೆ ವರ್ಷ ಮುಗಿಯುವ ಸಂಭವನೀಯತೆ ಸುಮಾರು ಶೇಕಡ 9; ಐದು ಅಥವಾ ಅದಕ್ಕಿಂತ ಹೆಚ್ಚು ಸಾವಾಗುವ ಸಂಭವನೀಯತೆಯೂ ಹೆಚ್ಚುಕಡಿಮೆ ಅಷ್ಟೇ. ಒಂದೇ ಕೈಚಳಕದ ಇಬ್ಬರಲ್ಲಿ ಒಬ್ಬರಿಗೆ ಸನ್ಮಾನ, ಇನ್ನೊಬ್ಬರಿಗೆ ನೋಟೀಸ್. ವರ್ಷಕ್ಕೊಮ್ಮೆ ಹಾಕುವ ಗೋಡೆಯ ಚಾರ್ಟ್ ಮಾಡುವ ಅನ್ಯಾಯ ಇದು.

ಇದಕ್ಕಿಂತ ಉತ್ತಮವಾದ, ಎಕ್ಸೆಲ್‌ನಲ್ಲೇ ಮಾಡಬಹುದಾದ ಒಂದು ನಕ್ಷೆಯಿದೆ. ಪ್ರತಿ ರೋಗಿಗೂ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಯೂರೋಸ್ಕೋರ್ 2 (ಹೃದಯ ಶಸ್ತ್ರಚಿಕಿತ್ಸೆಯಲ್ಲಿ ರೋಗಿ ತೀರಿಕೊಳ್ಳುವ ಅಪಾಯ ಶೇಕಡ ಎಷ್ಟೆಂದು ಅಂದಾಜಿಸುವ ಸೂತ್ರ) ಲೆಕ್ಕ ಹಾಕಿ. ಅದರಲ್ಲಿ 18 ಅಂಶಗಳಿವೆ, ಅಂತರ್ಜಾಲದಲ್ಲಿ ಉಚಿತವಾಗಿ ಲೆಕ್ಕ ಸಿಗುತ್ತದೆ. ಒಬ್ಬ ರೋಗಿಗೆ ಅಪಾಯ ಶೇಕಡ 2 ಎಂದು ಬಂತು ಎನ್ನಿ. ಆತ ಬದುಕಿದರೆ ನಕ್ಷೆಯ ಗೆರೆ 0.02 ಮೇಲೇರುತ್ತದೆ, ತೀರಿಕೊಂಡರೆ 0.98 ಕೆಳಗಿಳಿಯುತ್ತದೆ. ಪಂಪಿಂಗ್ ತೀರಾ ಕಡಿಮೆಯಿರುವ, ಶೇಕಡ 20ರ ಅಪಾಯದ ರೋಗಿಯಾದರೆ ಬದುಕಿದಾಗ 0.20 ಏರುತ್ತದೆ, ತೀರಿಕೊಂಡರೆ 0.80 ಇಳಿಯುತ್ತದೆ. ಗೆರೆ ಮೇಲೆ ಹೋಗುತ್ತಿದ್ದರೆ ನಿರೀಕ್ಷೆಗಿಂತ ಹೆಚ್ಚು ಜನ ಬದುಕುತ್ತಿದ್ದಾರೆ, ಕೆಳಗೆ ಜಾರುತ್ತಿದ್ದರೆ ಏನೋ ಕೆಟ್ಟಿದೆ. ಕಷ್ಟದ ರೋಗಿಯನ್ನು ಕೈಗೆತ್ತಿಕೊಂಡು ಬದುಕಿಸಿದವನಿಗೆ ಹತ್ತು ಸುಲಭದ ರೋಗಿಗಳನ್ನು ಬದುಕಿಸಿದಷ್ಟು ಅಂಕ ಸಿಗುವುದರಿಂದ, ನಿಮ್ಮ ಹಿರಿಯ ಸರ್ಜನ್ ಅವರ ಆತಂಕಕ್ಕೆ ಇದರಲ್ಲಿ ಸ್ವಲ್ಪ ಮಟ್ಟಿಗೆ ಉತ್ತರವಿದೆ. ಈ ನಕ್ಷೆಯನ್ನು ಒಮ್ಮೆ ಅವರ ಮುಂದಿಟ್ಟು ನೋಡಿ.

ಪೂರ್ತಿ ಉತ್ತರವಲ್ಲ ಎಂದೂ ಹೇಳಬೇಕು. ಯೂರೋಸ್ಕೋರ್ ಹೆಸರೇ ಸೂಚಿಸುವಂತೆ ಬಹುಪಾಲು ಯುರೋಪಿನ ರೋಗಿಗಳಿಂದ ಕಟ್ಟಿದ್ದು. ಮಧುಮೇಹ ಅದರಲ್ಲಿ ಲೆಕ್ಕಕ್ಕೆ ಬರುವುದು ರೋಗಿ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಮಾತ್ರ. ಮಾತ್ರೆ ನುಂಗುತ್ತಾ, ಸಕ್ಕರೆ ಹತೋಟಿಯಿಲ್ಲದೆ ಬರುವ ನಮ್ಮ ಎಷ್ಟೋ ರೋಗಿಗಳು ಅದರ ಕಣ್ಣಿಗೆ ಮಧುಮೇಹಿಗಳೇ ಅಲ್ಲ. ರುಮ್ಯಾಟಿಕ್ ಕವಾಟದ ಯುವ ರೋಗಿಗಳ ವಿಷಯದಲ್ಲೂ ಎಚ್ಚರ ಬೇಕು. ಎರಡು ವರ್ಷದ ನಂತರ ನಿಮ್ಮದೇ ಅಂಕಿಗಳೊಂದಿಗೆ ಹೋಲಿಸಿ, ಆ ಅಳತೆಗೋಲು ನಿಮ್ಮಲ್ಲಿ ಹೆಚ್ಚು ತೋರಿಸುತ್ತದೆಯೋ ಕಡಿಮೆ ತೋರಿಸುತ್ತದೆಯೋ ನೋಡಿಕೊಳ್ಳಿ.

ಇನ್ನೊಂದು ಅಪಾಯ ಮನುಷ್ಯಸ್ವಭಾವದ್ದು. ನ್ಯೂಯಾರ್ಕಿನಲ್ಲಿ ಪ್ರಕಟಣೆ ಆರಂಭವಾದ ಮೇಲೆ ರೋಗಿಗಳು ಕಾಗದದ ಮೇಲೆ ಇದ್ದಕ್ಕಿದ್ದಂತೆ ಹೆಚ್ಚು ಕಾಯಿಲೆಯವರಾಗಿಬಿಟ್ಟರು: ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇದೆಯೆಂದು ನಮೂದಾದವರ ಪ್ರಮಾಣ 1989ರಲ್ಲಿ ಶೇಕಡ 6.9 ಇದ್ದದ್ದು 1991ರ ವೇಳೆಗೆ ಶೇಕಡ 17.4 ಆಯಿತು. ಸ್ವಲ್ಪ ಪಾಲು ಮೊದಲು ಬರೆಯದೆ ಬಿಟ್ಟಿದ್ದನ್ನು ಈಗ ಬರೆದದ್ದಿರಬಹುದು, ಎಲ್ಲವೂ ಹಾಗಲ್ಲ. ಹಾಗಾಗಿ ಅಪಾಯದ ಅಂಶಗಳನ್ನು ಸರ್ಜನ್ ಬಾಯಲ್ಲಿ ಕೇಳಿ ಬರೆಯಬೇಡಿ. ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತೋರಿಸುವ ರಕ್ತಪರೀಕ್ಷೆ) ಲ್ಯಾಬಿನ ವರದಿಯಿಂದ, ಪಂಪಿಂಗ್ ಎಷ್ಟಿದೆ ಎಂಬುದನ್ನು ಎಕೋ (ಹೃದಯದ ಸ್ಕ್ಯಾನ್) ವರದಿಯಿಂದ ನೀವೇ ತೆಗೆದುಕೊಳ್ಳಿ, ಅದೂ ಶಸ್ತ್ರಚಿಕಿತ್ಸೆಯ ಹಿಂದಿನ ದಿನವೇ. ತಿಂಗಳಿಗೆ ಹತ್ತು ಕೇಸ್ ಶೀಟ್‌ಗಳನ್ನು ಲಾಟರಿಯಂತೆ ಎತ್ತಿ ಬೇರೆಯವರಿಂದ ಮರುಪರಿಶೀಲನೆ ಮಾಡಿಸಿ.

ಫೋನಿಗೆ ಸಿಗದವರನ್ನು 'ಬದುಕಿದ್ದಾರೆ' ಎಂದು ಸೇರಿಸಿಕೊಳ್ಳುವುದೂ ತಪ್ಪು, ಲೆಕ್ಕದಿಂದಲೇ ಬಿಟ್ಟುಬಿಡುವುದೂ ತಪ್ಪು. 300 ಜನರಲ್ಲಿ 240 ಜನರ ಸುದ್ದಿ ತಿಳಿದು, ಅವರಲ್ಲಿ 6 ಸಾವು ಎಂದಾದರೆ ನೀವು ಶೇಕಡ 2.5 ಎನ್ನುತ್ತೀರಿ. ಸಿಗದ 60 ಜನರಲ್ಲೂ 6 ಜನ ತೀರಿಕೊಂಡಿದ್ದರೆ ನಿಜವಾದ ಪ್ರಮಾಣ ಶೇಕಡ 4. ತೀರಿಕೊಂಡವರ ಫೋನ್ ಸ್ವಿಚ್ ಆಫ್ ಆಗಿರುವ ಸಾಧ್ಯತೆಯೇ ಹೆಚ್ಚು ಎಂಬುದನ್ನು ಮರೆಯಬಾರದು. ಸ್ವೀಡನ್ನಿನಲ್ಲಿ ಪ್ರತಿ ಪ್ರಜೆಯ ವೈಯಕ್ತಿಕ ಸಂಖ್ಯೆಯ ಮೂಲಕ ಹೃದಯ ದಾಖಲಾತಿಯನ್ನು ಮರಣ ನೋಂದಣಿಯೊಂದಿಗೆ ಜೋಡಿಸುವುದರಿಂದ ಈ ಕಷ್ಟವೇ ಇಲ್ಲ; ನಿಮಗೆ ಆ ಅನುಕೂಲವಿಲ್ಲದ್ದರಿಂದ, ಪ್ರತಿ ವರದಿಯಲ್ಲೂ 'ಇಷ್ಟು ಜನರ ಸ್ಥಿತಿ ತಿಳಿದಿಲ್ಲ' ಎಂಬ ಸಾಲು ಮರಣ ಪ್ರಮಾಣದ ಪಕ್ಕದಲ್ಲೇ, ಅದೇ ಅಕ್ಷರದ ಗಾತ್ರದಲ್ಲಿ ಇರಲಿ.

ಭಿನ್ನಾಭಿಪ್ರಾಯ ಇಷ್ಟು. ಸರ್ಜನ್ ಹೆಸರನ್ನು ಗೋಡೆಯಿಂದ ದೂರವಿಡಿ ಎಂಬುದು ಸರಿ. ಆದರೆ ಹೆಸರನ್ನು ದಾಖಲೆಯಿಂದಲೂ ವಿಶ್ಲೇಷಣೆಯಿಂದಲೂ ದೂರವಿಡುವ ಒಪ್ಪಂದಕ್ಕೆ ಬರಬೇಡಿ. ವಿಭಾಗದ ಒಟ್ಟು ಗೆರೆ ನೆಟ್ಟಗಿರುವಾಗಲೂ ಅದರೊಳಗೆ ಒಬ್ಬರ ಗೆರೆ ಜಾರುತ್ತಿರಬಹುದು.


ಉತ್ತರ 3: ಪರ್ಫ್ಯೂಷನಿಸ್ಟ್ (ಹಾರ್ಟ್-ಲಂಗ್ ಯಂತ್ರ ನಡೆಸುವವರು), ಮೂಲ ಹಾಸನ ಜಿಲ್ಲೆ, ಈಗ ಇಂಗ್ಲೆಂಡ್

ಮೇಲಿನ ಕೊನೆಯ ಮಾತನ್ನು ನಾನು ಬಲವಾಗಿ ಅನುಮೋದಿಸುತ್ತೇನೆ. ನಾನು ಕೆಲಸ ಮಾಡುವ ದೇಶದಲ್ಲಿ ಈ ಇಡೀ ವ್ಯವಸ್ಥೆ ಬಿಗಿಯಾದದ್ದು ಬ್ರಿಸ್ಟಲ್ ಪ್ರಕರಣದ ನಂತರ. ಬ್ರಿಸ್ಟಲ್ ರಾಯಲ್ ಇನ್‌ಫರ್ಮರಿಯಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಫಲಿತಾಂಶ ಉಳಿದ ಕೇಂದ್ರಗಳಿಗಿಂತ ಕೆಟ್ಟದಾಗಿತ್ತು. 1988ರಲ್ಲಿ ಅಲ್ಲಿಗೆ ಸೇರಿದ ಅರಿವಳಿಕೆ ತಜ್ಞ ಸ್ಟೀಫನ್ ಬಾಲ್ಸಿನ್ ಅದನ್ನು ಗಮನಿಸಿ, ತಾವೇ ಅಂಕಿಗಳನ್ನು ಕೂಡಿಹಾಕಿ ಮೇಲಿನವರ ಗಮನಕ್ಕೆ ತಂದರು. ವರ್ಷಗಟ್ಟಲೆ ಯಾರೂ ಕಿವಿಗೊಡಲಿಲ್ಲ. ಇಯಾನ್ ಕೆನಡಿ ಅಧ್ಯಕ್ಷತೆಯ ವಿಚಾರಣಾ ಸಮಿತಿ 2001ರ ಜುಲೈನಲ್ಲಿ ವರದಿ ಕೊಟ್ಟಾಗ, 1991ರಿಂದ 1995ರವರೆಗೆ ಒಂದು ವರ್ಷದೊಳಗಿನ 30ರಿಂದ 35 ಮಕ್ಕಳು, ಸಾಮಾನ್ಯ ಮಟ್ಟದ ಕೇಂದ್ರವೊಂದರಲ್ಲಿ ಆಗಬಹುದಾಗಿದ್ದಕ್ಕಿಂತ ಹೆಚ್ಚಾಗಿ ಸತ್ತಿದ್ದಾರೆಂದು ಹೇಳಿತು. ಅಂಕಿಗಳ ಕೊರತೆ ಅಲ್ಲಿ ಇರಲಿಲ್ಲ. ಅವುಗಳನ್ನು ನೋಡಿ ಕ್ರಮ ಕೈಗೊಳ್ಳುವುದು ಯಾರ ಕೆಲಸ ಎಂಬುದು ಗೊತ್ತುಮಾಡಿರಲಿಲ್ಲ. ಹಾಗಾಗಿ ನಿಮ್ಮ ನಮೂನೆಯಲ್ಲಿ ಕಾಲಂಗಳಿಗಿಂತ ಮೊದಲು ಬರಬೇಕಾದದ್ದು: ಗೆರೆ ಇಂಥ ಮಟ್ಟಕ್ಕಿಂತ ಕೆಳಗಿಳಿದರೆ ಯಾರು, ಎಷ್ಟು ದಿನದಲ್ಲಿ ಸಭೆ ಕರೆಯಬೇಕು ಎಂಬುದು.

ಇದೇ ದೇಶದ ಇನ್ನೊಂದು ಉದಾಹರಣೆ ಇದಕ್ಕೆ ತದ್ವಿರುದ್ಧವಾದದ್ದು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಮಾರ್ಕ್ ಡಿ ಲೆವಲ್ ನವಜಾತ ಶಿಶುಗಳಿಗೆ ಮಾಡುವ, ಅದಲುಬದಲಾದ ಮಹಾಧಮನಿಗಳನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯಲ್ಲಿ ಹೆಸರಾದವರು. ಮೊದಲ 52 ಶಿಶುಗಳಲ್ಲಿ ಒಂದೇ ಸಾವಾಗಿತ್ತು. ಆಮೇಲೆ 53ರಿಂದ 68ನೆಯ ಶಿಶುವಿನವರೆಗೆ ಏಳು ಸಾವು. ಆತ ಅದನ್ನು ದುರದೃಷ್ಟವೆಂದು ತಳ್ಳಿಹಾಕದೆ, ಮತ್ತೊಂದು ಕೇಂದ್ರಕ್ಕೆ ಹೋಗಿ, ತಮಗಿಂತ ಒಳ್ಳೆಯ ಫಲಿತಾಂಶವಿದ್ದ ಸರ್ಜನ್ ಜೊತೆ ನಿಂತು ಮತ್ತೆ ಕಲಿತರು, ಫಲಿತಾಂಶ ಸುಧಾರಿಸಿತು. ಈ ಸಾವುಗಳನ್ನೆಲ್ಲ ಸಂಚಿತ ಗೆರೆಯ (ಒಂದೊಂದೇ ಫಲಿತಾಂಶವನ್ನು ಕೂಡುತ್ತಾ ಹೋಗುವ) ನಕ್ಷೆಯಲ್ಲಿ ತೋರಿಸಿ, ಇಂಥ ಎಚ್ಚರಿಕೆಯನ್ನು ಇನ್ನೂ ಮೊದಲೇ ಪಡೆಯಬಹುದಿತ್ತು ಎಂದು 1994ರಲ್ಲಿ ತಾವೇ ಲೇಖನ ಬರೆದು ಪ್ರಕಟಿಸಿದರು. ಅಷ್ಟು ದೊಡ್ಡ ಹೆಸರಿನವರು ಹಾಗೆ ಬರೆದದ್ದು ನನ್ನ ಮಟ್ಟಿಗೆ ಬ್ರಿಸ್ಟಲ್ ವರದಿಯಷ್ಟೇ ತೂಕದ್ದು.

ನನ್ನ ವೃತ್ತಿಯ ಕಡೆಯಿಂದ ಒಂದು ಕೋರಿಕೆ: ಪಂಪ್ (ಶಸ್ತ್ರಚಿಕಿತ್ಸೆಯ ವೇಳೆ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್-ಲಂಗ್ ಯಂತ್ರ) ಮೇಲಿದ್ದಾಗ ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಅತ್ಯಂತ ಕೆಳಗೆ ಎಷ್ಟಕ್ಕೆ ಇಳಿಯಿತು ಎಂಬ ಒಂದು ಸಂಖ್ಯೆಯನ್ನು ನಿಮ್ಮ ನಮೂನೆಯಲ್ಲಿ ಸೇರಿಸಿ. ಹಾರ್ಟ್-ಲಂಗ್ ಯಂತ್ರದ ಕೊಳವೆಗಳನ್ನು ಮೊದಲು ದ್ರಾವಣದಿಂದ ತುಂಬುವುದರಿಂದ ರೋಗಿಯ ರಕ್ತ ತೆಳುವಾಗುತ್ತದೆ. ಶರೀರ ಚಿಕ್ಕದಿದ್ದಷ್ಟೂ ಹೆಚ್ಚು ತೆಳುವಾಗುತ್ತದೆ. ಮೇಲೆ ಹೇಳಿದ ಉತ್ತರ ನ್ಯೂ ಇಂಗ್ಲೆಂಡಿನ ಗುಂಪು ತನ್ನ ದಾಖಲೆಗಳನ್ನು ಕೂಡಿಸಿ ನೋಡಿದಾಗ, ಈ ಸಂಖ್ಯೆ ತೀರಾ ಇಳಿದವರಲ್ಲಿ ಸಾವು ಹೆಚ್ಚು ಎಂದು ಕಂಡಿತು. ನಮ್ಮ ಕಡೆಯ, ನಲವತ್ತು ಚಿಲ್ಲರೆ ಕಿಲೋ ತೂಗುವ, ಮೊದಲೇ ರಕ್ತಹೀನತೆಯಿರುವ ಹೆಣ್ಣುಮಗಳು ಕವಾಟ ಬದಲಾವಣೆಗೆ ಬಂದಾಗ ಇದರ ಅರ್ಥವೇನೆಂದು ನಿಮಗೆ ಹೇಳಬೇಕಾಗಿಲ್ಲ. ಕೊಳವೆ ಚಿಕ್ಕದು ಮಾಡುವುದು, ತುಂಬಿಸಿದ ದ್ರಾವಣವನ್ನು ರೋಗಿಯ ರಕ್ತದಿಂದಲೇ ಹಿಂದಕ್ಕೆ ತಳ್ಳಿ ಹೊರತೆಗೆಯುವುದು, ಶಸ್ತ್ರಚಿಕಿತ್ಸೆಗೆ ಕೆಲವು ವಾರ ಮೊದಲೇ ಕಬ್ಬಿಣಾಂಶ ಕೊಡುವುದು, ಇವೆಲ್ಲ ಆಗುವ ಕೆಲಸಗಳು. ಸಂಖ್ಯೆ ಬರೆದಿಡದಿದ್ದರೆ ಮಾತ್ರ ಯಾರಿಗೂ ಹೊಳೆಯುವುದಿಲ್ಲ.


ಉತ್ತರ 4: ಫಾಲೋಅಪ್ ವಿಭಾಗದ ಸ್ಟಾಫ್ ನರ್ಸ್, ಮೈಸೂರು ಕಡೆ

ಅಕ್ಕ, ನಾನು ನೀವು ಕೇಳಿದ 'ಬೆನ್ನು ಹತ್ತುವ' ಕೆಲಸವನ್ನೇ ದಿನವೂ ಮಾಡುವವಳು, ಆದ್ದರಿಂದ ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

ರೋಗಿ ದಾಖಲಾದ ದಿನವೇ ಮೂರು ನಂಬರ್ ಬರೆದುಕೊಳ್ಳಿ: ರೋಗಿಯದು, ಜೊತೆಯಲ್ಲಿ ಇರುವವರದು, ಊರಿನಲ್ಲಿ ಖಾಯಂ ಇರುವ ಒಬ್ಬರದು. ಕಿರಾಣಿ ಅಂಗಡಿಯವರದಾದರೂ ಆಗಬಹುದು. ಡಿಸ್ಚಾರ್ಜ್ ದಿನ ಕೇಳಿದರೆ ಎಲ್ಲರೂ ಬಸ್ಸಿನ ಅವಸರದಲ್ಲಿರುತ್ತಾರೆ. ಬರೆದುಕೊಂಡ ನಂಬರಿಗೆ ಅವರ ಎದುರಿಗೇ ಒಮ್ಮೆ ರಿಂಗ್ ಕೊಟ್ಟು ನೋಡಿ. 'ಮನೆಗೆ ಹೋದ ಮೇಲೆ ನಾವು ಫೋನ್ ಮಾಡುತ್ತೇವೆ, ನಿಮ್ಮ ವಿವರ ಚಿಕಿತ್ಸೆ ಸುಧಾರಿಸಲು ಬಳಸುತ್ತೇವೆ' ಎಂದು ವಿವರಿಸಿ ಒಪ್ಪಿಗೆಯ ಸಹಿಯನ್ನೂ ಆಗಲೇ ಪಡೆಯಿರಿ.

ಫೋನ್ ಮಾಡಿ 'ಚೆನ್ನಾಗಿದ್ದೀರಾ' ಎಂದು ಕೇಳಿದರೆ ಪ್ರಯೋಜನವಿಲ್ಲ. 'ಹೂಂ ಮೇಡಂ, ನಿಮ್ಮ ಆಶೀರ್ವಾದ' ಎನ್ನುತ್ತಾರೆ. ಎದೆಯ ಗಾಯದಿಂದ ನೀರಾಗಲಿ ಕೀವಾಗಲಿ ಬರುತ್ತಿದೆಯೇ, ಕೆಮ್ಮಿದಾಗ ಎದೆಮೂಳೆ 'ಕಟಕ್' ಎನ್ನುತ್ತದೆಯೇ, ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತಾರೆ, ಕಾಲು ಊದಿದೆಯೇ, ಬೇರೆ ಯಾವುದಾದರೂ ಆಸ್ಪತ್ರೆಯಲ್ಲಿ ಒಂದು ರಾತ್ರಿಯಾದರೂ ಇದ್ದರೇ, ಯಾವ ಯಾವ ಮಾತ್ರೆ ಈಗಲೂ ನುಂಗುತ್ತಿದ್ದಾರೆ, ಹೀಗೆ ಕೇಳಬೇಕು. ಮಾತ್ರೆಯ ಪಟ್ಟಿಯನ್ನು ಓದಿ ಹೇಳಿ ಎನ್ನುವ ಬದಲು ಸ್ಟ್ರಿಪ್ಪಿನ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಎನ್ನಿ. ಗಾಯದ ಫೋಟೋ ಕೂಡ. ನಾವು ಏಳನೆಯ ದಿನ, ಮೂವತ್ತನೆಯ ದಿನ, ಆಮೇಲೆ ಒಂದು ವರ್ಷಕ್ಕೆ ಮಾಡುತ್ತೇವೆ. ಏಳನೆಯ ದಿನದ ಫೋನ್ ಲೆಕ್ಕಕ್ಕಲ್ಲ, ತೊಂದರೆ ಹಿಡಿಯಲು.

ಲೋಹದ ಕವಾಟ ಹಾಕಿಸಿಕೊಂಡವರನ್ನು ಬೈಪಾಸ್ ಆದವರ ಪಟ್ಟಿಯಲ್ಲಿ ಬೆರೆಸಬೇಡಿ. ಅವರಿಗೆ 30 ದಿನ ಏನೇನೂ ಸಾಲದು. ಅಸಿಟ್ರೋಮ್ ಅಥವಾ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ಜೀವನಪರ್ಯಂತ, ಐಎನ್‌ಆರ್ ಪರೀಕ್ಷೆ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವುದು) ಜೀವನಪರ್ಯಂತ. ಆರೆಂಟು ತಿಂಗಳು ಚೆನ್ನಾಗಿದ್ದಮೇಲೆ 'ಈಗ ಆರಾಮಿದ್ದೀನಲ್ಲ' ಎಂದು ಮಾತ್ರೆ ಬಿಟ್ಟು, ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿ, ಉಸಿರು ಕಟ್ಟಿ ಬರುವವರನ್ನು ನಾವೆಲ್ಲ ನೋಡಿದ್ದೇವೆ. ಹಲ್ಲು ಕೀಳಿಸಲು ಹೋದಾಗ ನಿಲ್ಲಿಸಿದ ಮಾತ್ರೆಯನ್ನು ಮತ್ತೆ ಆರಂಭಿಸದವರೂ ಇದ್ದಾರೆ, ಗರ್ಭಿಣಿಯಾದ ಮೇಲೆ ಯಾರನ್ನೂ ಕೇಳದೆ ಬಿಟ್ಟವರೂ ಇದ್ದಾರೆ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಇವರೆಲ್ಲರ ಶಸ್ತ್ರಚಿಕಿತ್ಸೆಯೂ ಯಶಸ್ವಿಯೇ. ಇವರಿಗೆ ಕೊನೆಯ ಐಎನ್‌ಆರ್ ದಿನಾಂಕ ಮತ್ತು ಸಂಖ್ಯೆ ಎರಡನ್ನೇ ಬರೆದಿಟ್ಟರೂ ಸಾಕು. ಎರಡು ತಿಂಗಳಿಗಿಂತ ಹಳೆಯ ದಿನಾಂಕ ಕಂಡವರಿಗೆ ಮೊದಲು ಫೋನ್ ಮಾಡಿ. ಹತ್ತಿರದ ತಾಲ್ಲೂಕಿನ ಯಾವ ಲ್ಯಾಬಿನಲ್ಲಿ ಆ ಪರೀಕ್ಷೆ ಆಗುತ್ತದೆಂಬ ಪಟ್ಟಿ ನಿಮ್ಮ ಮೇಜಿನ ಮೇಲಿರಲಿ. ಅನೇಕರು ಪರೀಕ್ಷೆ ಮಾಡಿಸದಿರುವುದು ಉದಾಸೀನದಿಂದಲ್ಲ. ಅದಕ್ಕಾಗಿ ಒಂದು ದಿನದ ಕೂಲಿ ಬಿಟ್ಟು ನಗರಕ್ಕೆ ಬರಬೇಕೆಂದು ಅವರು ತಿಳಿದಿರುತ್ತಾರೆ.

ಫೋನಿಗೆ ಸಿಗದ ಯೋಜನೆಯ ರೋಗಿಗಳ ವಿಷಯದಲ್ಲಿ ನಿಮ್ಮ ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಯೋಜನೆಯ ರೋಗಿಗಳಿಗೆ ನೆರವಾಗುವ ಸಿಬ್ಬಂದಿ) ಕೇಳಿ. ಅವರಲ್ಲಿ ವಿಳಾಸ ಇರುತ್ತದೆ. ಅಲ್ಲಿಂದ ಆ ಊರಿನ ಆಶಾ ಕಾರ್ಯಕರ್ತೆಯನ್ನು ಹಿಡಿದರೆ ಹೆಚ್ಚಿನವರು ಸಿಗುತ್ತಾರೆ. ಮನೆಯಲ್ಲಿ ಸಾವಾಗಿದ್ದರೆ ಮಾತ್ರ ದಯವಿಟ್ಟು ಪ್ರಶ್ನೆಪಟ್ಟಿ ಬಿಚ್ಚಬೇಡಿ. ಯಾವಾಗ ಆಯಿತು, ಕೊನೆಗೆ ಏನು ತೊಂದರೆಯಿತ್ತು ಎಂದಷ್ಟು ಕೇಳಿ. ಅವರು ಮಾತಾಡಲು ಬಯಸಿದರೆ ಕೇಳಿಸಿಕೊಳ್ಳಿ.


ಮರುಪ್ರಶ್ನೆ: ದಾಖಲಾತಿ ಸಂಯೋಜಕಿ

ಎಲ್ಲರಿಗೂ ಕೃತಜ್ಞತೆಗಳು. ನಿರ್ದೇಶಕರಿಗೆ ಈ ಉತ್ತರಗಳನ್ನು ತೋರಿಸಿದೆ. ಗೋಡೆಯ ಚಾರ್ಟ್ ಸದ್ಯಕ್ಕೆ ಬೇಡ, ಪ್ರತಿ ಸರ್ಜನ್‌ಗೆ ಅವರವರ ಗೆರೆಯನ್ನು ಲಕೋಟೆಯಲ್ಲಿ ಕೊಡೋಣ, ವಿಭಾಗದ ಒಟ್ಟು ಗೆರೆಯನ್ನು ತಿಂಗಳ ಸಭೆಯಲ್ಲಿ ಇಡೋಣ ಎಂದಿದ್ದಾರೆ. ಹಿರಿಯ ಸರ್ಜನ್ ಶೇಕಡ 20ರ ಅಪಾಯದ ರೋಗಿಯ ಲೆಕ್ಕವನ್ನು ಎರಡು ಸಲ ಕೇಳಿ ತಿಳಿದುಕೊಂಡರು. ಏನೂ ಹೇಳಲಿಲ್ಲ, ಆದರೆ ಬೇಡವೆಂದೂ ಹೇಳಲಿಲ್ಲ. ಒಂದು ಸಂದೇಹ ಉಳಿದಿದೆ. ಕೊನೆಯ ಸ್ಥಿತಿಯಲ್ಲಿ ಮನೆಗೆ ಒಯ್ದವರ ಮನೆಯವರು ಫೋನ್ ಎತ್ತದಿದ್ದರೆ, ಅಂಥವರನ್ನು 'ಸ್ಥಿತಿ ತಿಳಿದಿಲ್ಲ' ಎಂಬಲ್ಲಿ ಹಾಕಬೇಕೇ?


ಉತ್ತರ: ಜೀವಸಂಖ್ಯಾಶಾಸ್ತ್ರದ ಅಧ್ಯಾಪಕ

ಬೇಡ. ವೆಂಟಿಲೇಟರ್ ಮೇಲೆ ಅಥವಾ ರಕ್ತದೊತ್ತಡ ಹಿಡಿದಿಡುವ ಇಂಜೆಕ್ಷನ್ ಹನಿಯುತ್ತಿರುವಾಗಲೇ ಒಯ್ದವರನ್ನು, ಬದುಕಿದ್ದಾರೆಂಬ ಖಚಿತ ಸುದ್ದಿ ಸಿಗುವವರೆಗೆ, ಸಾವು ಎಂದೇ ಎಣಿಸಿ. ಈ ನಿಯಮವನ್ನು ವರ್ಷದ ಮೊದಲೇ ಬರೆದಿಡಿ, ಯಾವುದೇ ಒಬ್ಬ ರೋಗಿಯ ಸಂದರ್ಭದಲ್ಲಿ ಕೂತು ತೀರ್ಮಾನಿಸಬೇಡಿ. ವಾರ್ಡಿನಿಂದ ನಡೆದುಕೊಂಡೇ, ಹಣದ ಕಾರಣಕ್ಕೋ ಮನೆಯ ಕಾರಣಕ್ಕೋ ಬೇಗ ಹೋದವರು ಮಾತ್ರ 'ಸ್ಥಿತಿ ತಿಳಿದಿಲ್ಲ' ಎಂಬುದಕ್ಕೆ ಸೇರಲಿ. ಇದರಿಂದ ಮೊದಲ ವರ್ಷದ ಮರಣ ಪ್ರಮಾಣ ಹಿಂದಿನ ವರ್ಷಗಳಿಗಿಂತ ಏರಿದಂತೆ ಕಾಣುತ್ತದೆ. ಆಡಳಿತ ವರ್ಗದವರು ಗಾಬರಿಯಾಗುವ ಮುಂಚೆಯೇ ನಿರ್ದೇಶಕರಿಂದ ಅವರಿಗೆ ಒಂದು ಟಿಪ್ಪಣಿ ಕಳಿಸಿಬಿಡಿ.